ಸೀಸನ್ ಟಿಕೆಟ್‌ನವರ ಕಣ್ಣೆದುರೇ ಅಗ್ಗದ ಟಿಕೆಟ್ ಮಾರುವುದು: ಕಾಲೇಜ್ ಫುಟ್‌ಬಾಲ್‌ನಲ್ಲಿ ನನ್ನ ಅನುಭವ

ನಾನು ಕೆಲಸ ಮಾಡುವುದು ಅಮೆರಿಕದ ಮಿಡ್‌ವೆಸ್ಟ್‌ನ ಒಂದು ಸರ್ಕಾರಿ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದಲ್ಲಿ, ಟಿಕೆಟ್ ಆಫೀಸಿನಲ್ಲಿ. ಮಾರುವುದು ಫುಟ್‌ಬಾಲ್ ಟಿಕೆಟ್. ನಮ್ಮವರು ಆಡುವ ಸಾಕರ್ ಅಲ್ಲ, ಚೆಂಡು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. ಊರಿಗೆ ಬಂದಾಗ ಇದನ್ನು ಹೇಳಿದರೆ ಜನ ನಗುತ್ತಾರೆ. ಕಾಲೇಜು ಹುಡುಗರ ಮ್ಯಾಚಿಗೆ ಟಿಕೆಟ್ ಬೇರೆನಾ ಅಂತ. ಅವರ ತಪ್ಪೇನಿಲ್ಲ. ನಮ್ಮಲ್ಲಿ ಕಾಲೇಜು ಮ್ಯಾಚಿಗೆ ಬರುವುದು ಆಡುವ ಹುಡುಗರ ಗೆಳೆಯರು ಅಷ್ಟೇ. ಇಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸ್ಟೇಡಿಯಂ ಒಂದರಲ್ಲೇ 1,07,601 ಜನ ಕೂರಬಹುದು. 1975ರ ನವೆಂಬರ್‌ನಿಂದ ಕೋವಿಡ್ ಬರುವವರೆಗೆ ಅಲ್ಲಿ ಒಂದೇ ಒಂದು ಹೋಮ್ ಮ್ಯಾಚಿಗೂ ಲಕ್ಷಕ್ಕಿಂತ ಕಡಿಮೆ ಜನ ಅಂತ ಲೆಕ್ಕ ಬಂದದ್ದಿಲ್ಲ. ನಮ್ಮದು ಅಷ್ಟು ದೊಡ್ಡದಲ್ಲ, ಅರ್ಧದಷ್ಟು. ತಲೆನೋವು ಮಾತ್ರ ಒಂದೇ.

ಸೆಪ್ಟೆಂಬರ್‌ನಿಂದ ನವೆಂಬರ್ ಕೊನೆವರೆಗೆ ಸೀಸನ್. ಆರೋ ಏಳೋ ಹೋಮ್ ಮ್ಯಾಚು. ಅವಷ್ಟನ್ನೂ ಒಟ್ಟಿಗೆ, ತಿಂಗಳುಗಟ್ಟಲೆ ಮುಂಚೆ ಕೊಳ್ಳುವವರು ಸೀಸನ್ ಟಿಕೆಟ್‌ನವರು. ಒಳ್ಳೆ ಜಾಗ ಬೇಕಾದರೆ ಟಿಕೆಟ್ ಬೆಲೆಯ ಮೇಲೆ ವರ್ಷವರ್ಷ ದೇಣಿಗೆಯನ್ನೂ ಕೊಡಬೇಕು. ಎಷ್ಟು ವರ್ಷದಿಂದ ಇದ್ದಾರೆ, ಎಷ್ಟು ಕೊಟ್ಟಿದ್ದಾರೆ ಅನ್ನುವುದಕ್ಕೆ ಪಾಯಿಂಟ್ ಲೆಕ್ಕ ಇರುತ್ತದೆ. ಪಾರ್ಕಿಂಗ್ ಜಾಗ ಕೂಡ ಆ ಪಾಯಿಂಟ್ ನೋಡಿಯೇ ಸಿಗುವುದು. ಅಪ್ಪನಿಂದ ಮಗನಿಗೆ ಬಂದ ಸೀಟುಗಳು ನಮ್ಮ ಪಟ್ಟಿಯಲ್ಲಿ ಬೇಕಾದಷ್ಟಿವೆ.

ನಮ್ಮ ಕಡೆ ವರ್ತನೆ ಹಾಲು ಹಾಕಿಸಿಕೊಳ್ಳುವ ಮನೆಗಳಿದ್ದಂತೆ ಇವರು. ಮಳೆ ಬರಲಿ, ನೆಂಟರು ಬರದಿರಲಿ, ದಿನಾ ಇಷ್ಟು ಅಂತ ಇವರು ತೆಗೆದುಕೊಳ್ಳುವುದರಿಂದಲೇ ಹಾಲಿನವನ ಲೆಕ್ಕ ನಿಲ್ಲುವುದು. ಅದೇ ಹಾಲಿನವನು ಸಂಜೆ ಉಳಿದ ಹಾಲನ್ನು ಅದೇ ಬೀದಿಯಲ್ಲಿ ಅರ್ಧ ಬೆಲೆಗೆ ಕೂಗಿ ಮಾರಿದರೆ ವರ್ತನೆ ಮನೆಯವರು ಏನಂದುಕೊಳ್ಳುತ್ತಾರೆ? ನಮ್ಮ ಆಫೀಸಿನ ಜಗಳವೆಲ್ಲ ಇಷ್ಟೇ.

ಹಾಗಂತ ಅಗ್ಗದ ಟಿಕೆಟ್ ಮಾರಲೇಬಾರದು ಅನ್ನುವ ಹಾಗಿಲ್ಲ. ಖಾಲಿ ಸೀಟು ಟಿವಿಯಲ್ಲಿ ಕಾಣುತ್ತದೆ. ನಮ್ಮ ಕಾಲೇಜು ಸೇರಬೇಕೋ ಬೇಡವೋ ಅಂತ ನೋಡಲು ಬಂದ ಹೈಸ್ಕೂಲ್ ಆಟಗಾರನಿಗೂ ಕಾಣುತ್ತದೆ. ಖಾಲಿ ಸೀಟು ಹಾಟ್ ಡಾಗ್ ಕೊಳ್ಳುವುದಿಲ್ಲ, ಪಾರ್ಕಿಂಗ್ ದುಡ್ಡು ಕೊಡುವುದಿಲ್ಲ. ಮಾರಿದ ಸೀಟಿನಲ್ಲೂ ಜನ ಇರುತ್ತಾರೆ ಅನ್ನುವ ಖಾತ್ರಿ ಇಲ್ಲ. 2018ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಹಲವಾರು ವಿಶ್ವವಿದ್ಯಾಲಯಗಳ ಗೇಟ್ ದಾಖಲೆ ತರಿಸಿ ನೋಡಿತು. ಪ್ರಕಟವಾದ ಹಾಜರಿಯಲ್ಲಿ ನಿಜವಾಗಿ ಗೇಟಿನಲ್ಲಿ ಸ್ಕ್ಯಾನ್ ಆದದ್ದು ಸರಾಸರಿ ಶೇ. 71 ಮಾತ್ರ. ಹೊರಗಿನವರಿಗೆ ಅದು ದೊಡ್ಡ ಸುದ್ದಿ. ಟಿಕೆಟ್ ಆಫೀಸಿನವರಿಗೆ ಶನಿವಾರದ ಮ್ಯಾಚು ಮುಗಿದು ಪ್ರತಿ ಭಾನುವಾರ ಬೆಳಿಗ್ಗೆ ಕಾಣುವ ಸಂಗತಿ.

ಹಾಗಾಗಿ ಮಾರ್ಕೆಟಿಂಗ್‌ನವರು ಸೀಸನ್ ಮಧ್ಯದಲ್ಲಿ ಏನಾದರೂ ಒಂದು ಆಫರ್ ಬಿಡುತ್ತಾರೆ. ನಾಲ್ಕು ಟಿಕೆಟ್, ನಾಲ್ಕು ಹಾಟ್ ಡಾಗ್, ನಾಲ್ಕು ಕೂಲ್ ಡ್ರಿಂಕ್, ಎಲ್ಲ ಸೇರಿ ಇಷ್ಟು ಅಂತ. ಆಫರ್ ಹೊರಟ ಮಧ್ಯಾಹ್ನವೇ ನಮ್ಮ ಫೋನು ಶುರು. ಮಾರ್ಕೆಟಿಂಗ್‌ನವರ ಗುರಿ ಸ್ಟೇಡಿಯಂ ತುಂಬಿಸುವುದು, ನನ್ನ ಗುರಿ ರಿನ್ಯೂವಲ್, ಅಂದರೆ ಸೀಸನ್ ಟಿಕೆಟ್‌ನವರು ಮುಂದಿನ ವರ್ಷವೂ ಟಿಕೆಟ್ ಕೊಳ್ಳುವುದು. ಒಂದೇ ಕಟ್ಟಡ, ಎರಡು ಲೆಕ್ಕ.

ಆ ಫೋನುಗಳನ್ನು ಕೂತು ಕೇಳಿದ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಫೋನ್ ಮಾಡುವ ಸೀಸನ್ ಟಿಕೆಟ್‌ನವರು ದುಡ್ಡಿಗಾಗಿ ಸಿಟ್ಟಾಗುತ್ತಿಲ್ಲ. ಚಿಕ್ಕ ಕಾಲೇಜಿನ ವಿರುದ್ಧದ ಮ್ಯಾಚಿನ ಟಿಕೆಟ್, ಕೊಂಡ ಟಿಕೆಟ್ಟನ್ನು ಮತ್ತೆ ಮಾರುವ ಸ್ಟಬ್‌ಹಬ್, ಸೀಟ್‌ಗೀಕ್‌ನಂಥ ವೆಬ್‌ಸೈಟಿನಲ್ಲಿ ಮೂರು ಕಾಸಿಗೆ ಸಿಗುತ್ತದೆ ಅಂತ ಇವರಿಗೆ ಗೊತ್ತು. ಎಷ್ಟೋ ಸಲ ಹಾಗೆ ಮಾರುವವರೂ ಇವರೇ. ಅದರ ಬಗ್ಗೆ ಯಾರೂ ಫೋನ್ ಮಾಡುವುದಿಲ್ಲ. ಅದೇ ಬೆಲೆಗೆ ವಿಶ್ವವಿದ್ಯಾಲಯವೇ ಮಾರಿದಾಗ ಫೋನ್ ಮಾಡುತ್ತಾರೆ. 'ಫೆಬ್ರವರಿಯಲ್ಲೇ ದುಡ್ಡು ಕಟ್ಟಿದ ನಾನು ದಡ್ಡನಾ?' ಅಂತ ಒಬ್ಬ ಹಿರಿಯರು ಕೇಳಿದ್ದರು. ಮಾರ್ಕೆಟ್ಟನ್ನು ಕ್ಷಮಿಸುತ್ತಾರೆ, ನಮ್ಮನ್ನಲ್ಲ.

ಇದು ನಮ್ಮಲ್ಲಿ ಮಾತ್ರ ಆಗಿದ್ದಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಮಿಷಿಗನ್‌ನಲ್ಲಿ ಎರಡು ಕೋಕ್ ಕೊಂಡವರಿಗೆ ಮಿನ್ನೆಸೋಟ ವಿರುದ್ಧದ ಮ್ಯಾಚಿಗೆ ಎರಡು ಟಿಕೆಟ್ ಅನ್ನುವ ಆಫರ್ ಬಂತು. ಅಲ್ಲಿನ ವಿದ್ಯಾರ್ಥಿಗಳು ಆ ವರ್ಷ ಸೀಸನ್ ಟಿಕೆಟ್‌ಗೆ 295 ಡಾಲರ್ ಕೊಟ್ಟಿದ್ದರು. ಸುದ್ದಿ ಹಬ್ಬುತ್ತಲೇ ಗಲಾಟೆಯಾಗಿ ಆಫರ್ ವಾಪಸ್ ಹೋಯಿತು. ಅಕ್ಟೋಬರ್ ಕೊನೆಗೆ ಕ್ರೀಡಾ ನಿರ್ದೇಶಕ ಡೇವ್ ಬ್ರ್ಯಾಂಡನ್ ರಾಜೀನಾಮೆ ಕೊಟ್ಟರು. ಕೋಕ್ ಒಂದೇ ಕಾರಣ ಅಲ್ಲ. ತಂಡ ಸೋಲುತ್ತಿತ್ತು, ಪೆಟ್ಟು ತಿಂದ ಆಟಗಾರನನ್ನು ಮತ್ತೆ ಕಣಕ್ಕಿಳಿಸಿದ ದೊಡ್ಡ ವಿವಾದವೂ ಇತ್ತು. ಆದರೆ ಜನ ಇವತ್ತಿಗೂ ಆ ಕೋಕ್ ಕಥೆಯನ್ನು ಮರೆತಿಲ್ಲ. ಮುಂದಿನ ವರ್ಷ ವಿದ್ಯಾರ್ಥಿಗಳ ಬೆಲೆಯನ್ನು 175 ಡಾಲರ್‌ಗೆ ಇಳಿಸಿದರು. ನನ್ನ ಪ್ರಕಾರ ಸರಿಯಾದ ದಾರಿ ಅದೇ. ಬೆಲೆ ಜಾಸ್ತಿ ಇದ್ದರೆ ಎಲ್ಲರಿಗೂ ಇಳಿಸಿ. ಹಿಂಬಾಗಿಲಿನಿಂದ ಇಳಿಸಬೇಡಿ.

ಡಿಸ್ಕೌಂಟ್ ಕೆಲಸ ನನ್ನ ಕೈಗೆ ಬಂದ ಮೇಲೆ ಮೊದಲು ಮುಟ್ಟಿದ್ದು ಸೀಸನ್ ಟಿಕೆಟ್‌ನ ಒಳಗಿನ ಲೆಕ್ಕವನ್ನು. ಏಳು ಮ್ಯಾಚಿಗೆ 350 ಡಾಲರ್ ಅಂತ ಇಟ್ಟುಕೊಳ್ಳಿ. ಹಿಂದೆ ಎಲ್ಲ ಟಿಕೆಟ್ ಮೇಲೂ 50 ಅಂತ ಅಚ್ಚು ಹಾಕುತ್ತಿದ್ದರು. ಆದರೆ ಎಲ್ಲ ಮ್ಯಾಚೂ ಒಂದೇ ಅಲ್ಲ ಅಲ್ವಾ? ಪಕ್ಕದ ರಾಜ್ಯದ ಹಳೇ ಎದುರಾಳಿ ಬಂದರೆ ಟಿಕೆಟ್‌ಗೆ ಕಿತ್ತಾಟ. ಸೋಲಲೆಂದೇ ದುಡ್ಡು ಕೊಟ್ಟು ಕರೆಸುವ ಚಿಕ್ಕ ಕಾಲೇಜಿನ ಮ್ಯಾಚಿಗೆ ಪುಕ್ಕಟೆ ಕೊಟ್ಟರೂ ಯೋಚಿಸುತ್ತಾರೆ. ಹಾಗಾಗಿ 350ನ್ನು ಬೇರೆ ಥರ ಹಂಚಿದೆವು. ದೊಡ್ಡ ಮ್ಯಾಚಿಗೆ 100, ಎರಡಕ್ಕೆ 60-60, ಉಳಿದವಕ್ಕೆ 50, 35, 25, 20. ಒಟ್ಟು ಅದೇ 350. ಕೊಳ್ಳುವವರ ಜೇಬಿಗೆ ವ್ಯತ್ಯಾಸವೇ ಇಲ್ಲ.

ಈಗ ಸಡಿಲಬಾರದ ನಿಯಮ ಒಂದನ್ನು ಹಾಕಿದೆ. ಸ್ಟೇಡಿಯಂನ ಯಾವುದೇ ಭಾಗದಲ್ಲಿ ಒಂದೊಂದೇ ಮ್ಯಾಚಿನ ಬಿಡಿ ಟಿಕೆಟ್ಟನ್ನು ಅಲ್ಲಿನ ಸೀಸನ್ ಟಿಕೆಟ್‌ನವರು ಆ ಮ್ಯಾಚಿಗೆ ಕೊಟ್ಟದ್ದಕ್ಕಿಂತ ಕಡಿಮೆಗೆ ಸಾರ್ವಜನಿಕವಾಗಿ ಮಾರುವ ಹಾಗಿಲ್ಲ. ಚಿಕ್ಕ ಮ್ಯಾಚಿನ ಬಿಡಿ ಟಿಕೆಟ್ 40ಕ್ಕೆ ಇದ್ದದ್ದನ್ನು 25ಕ್ಕೆ ಇಳಿಸಿದರೂ ನಮ್ಮವರ ಟಿಕೆಟ್ ಮೇಲೆ 20 ಅಂತಲೇ ಇರುತ್ತದೆ. ಫೋನ್ ಮಾಡಿದವರಿಗೆ ಹೇಳಲು ನಮ್ಮ ಹುಡುಗರ ಬಾಯಲ್ಲಿ ಒಂದು ಉತ್ತರ ಇರುತ್ತದೆ: 'ನಿಮ್ಮ ಬೆಲೆ ಈಗಲೂ ಕಡಿಮೆ.' ಬರೀ ಕಾಗದದ ಆಟ ಅಂತ ಅನ್ನಿಸಬಹುದು. ಅಲ್ಲ. ದೊಡ್ಡ ಮ್ಯಾಚಿನಲ್ಲಿ ಇವರಿಗೆ ಎಷ್ಟು ಉಳಿಯುತ್ತಿದೆ ಅನ್ನುವುದೂ ಅದೇ ಕಾಗದದಲ್ಲಿ ಕಾಣುತ್ತದೆ.

ಜಾಗದ ವಿಷಯವೂ ಮುಖ್ಯ. ಡಿಸ್ಕೌಂಟ್ ಸೀಟುಗಳನ್ನು ಮೇಲಿನ ಡೆಕ್ಕಿನ, ಅಂದರೆ ಮೇಲಂತಸ್ತಿನ, ಮೂಲೆಗಳಲ್ಲಿ ಬೇರೆಯಾಗಿ ಹಿಡಿದಿಟ್ಟು, ಸಾಫ್ಟ್‌ವೇರಿನಲ್ಲಿ ಅವಕ್ಕೆ ಬೇರೆ ಬೆಲೆಯ ಗುರುತು (ಪ್ರೈಸ್ ಕೋಡ್) ಕೊಟ್ಟೆವು. ಇಪ್ಪತ್ತು ವರ್ಷದಿಂದ ದೇಣಿಗೆ ಕೊಡುತ್ತಾ ಕೂತವರ ಪಕ್ಕದ ಸೀಟಿಗೆ ಕೂಪನ್ ಹಿಡಿದವರು ಬಂದು ಕೂತರೆ, ಮೊದಲ ಕ್ವಾರ್ಟರ್ ಮುಗಿಯುವುದರೊಳಗೆ ಬೆಲೆಯ ಮಾತು ಬಂದೇ ಬರುತ್ತದೆ. ಸ್ಟೇಡಿಯಂನಲ್ಲಿ ಗುಟ್ಟು ನಿಲ್ಲುವುದಿಲ್ಲ.

ಮತ್ತೆ, ಡಿಸ್ಕೌಂಟಿಗೆ ಒಂದು ಕಾರಣ ಬೇಕು. ಶಾಲಾ ಮಕ್ಕಳ ದಿನ, ಹೈಸ್ಕೂಲ್ ಬ್ಯಾಂಡ್‌ಗಳ ದಿನ, ಸೈನಿಕರ ದಿನ, ಶಿಕ್ಷಕರ ದಿನ. ಇಂಥವುಗಳ ಮೇಲೆ ನಮಗೆ ದೂರು ಬಂದದ್ದು ಬಹಳ ಕಡಿಮೆ. ಯಾರಿಗೆ, ಯಾಕೆ ಅಂತ ಗೊತ್ತಾದರೆ ಜನ ಒಪ್ಪುತ್ತಾರೆ. ಸುಮ್ನೆ ಸೀಟು ಖಾಲಿ ಇದೆ ಬನ್ನಿ ಅಂದಾಗಲೇ ಹೊಟ್ಟೆ ಉರಿಯುವುದು. ನೆಬ್ರಾಸ್ಕ ವಿಶ್ವವಿದ್ಯಾಲಯದವರು ಇದನ್ನು ಚೆನ್ನಾಗಿ ಬಲ್ಲರು. ಅಲ್ಲಿ 1962ರಿಂದ ಪ್ರತಿ ಹೋಮ್ ಮ್ಯಾಚಿನ ಟಿಕೆಟ್ಟೂ ಪೂರ್ತಿ ಮಾರಾಟವಾದ ದಾಖಲೆ ಇದೆ. 2021ರಲ್ಲಿ ಅದು ಮುರಿಯುವ ಹಾಗಾದಾಗ ದಾನಿಗಳು ಉಳಿದ ಟಿಕೆಟ್ ಕೊಂಡರು, ಅವು ಅನುಕೂಲವಿಲ್ಲದ ಮನೆಗಳ ಮಕ್ಕಳಿಗೆ ಹೋದವು. ದಾಖಲೆ ಉಳಿಸುವ ಸರ್ಕಸ್ಸು ಅಂತ ಆಡಿಕೊಂಡವರೂ ಇದ್ದಾರೆ. ಇರಲಿ. ಸೀಟು ತುಂಬಿತು, ಟಿಕೆಟ್ ಬೆಲೆಯೂ ಬೀಳಲಿಲ್ಲ.

ಕೊನೇ ವಾರದ ಆಫರ್‌ಗಳನ್ನು ಪೂರ್ತಿ ನಿಲ್ಲಿಸಿದೆವು. ಇದಕ್ಕೆ ಒಳಗೆ ತುಂಬಾ ವಿರೋಧ ಇತ್ತು. ಆದರೆ ಗುರುವಾರ ಬೆಲೆ ಇಳಿಯುತ್ತದೆ ಅಂತ ಜನರಿಗೆ ಒಮ್ಮೆ ಗೊತ್ತಾದರೆ ಎಲ್ಲರೂ ಗುರುವಾರದವರೆಗೆ ಕಾಯುತ್ತಾರೆ. 2013ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ ಇದಕ್ಕೊಂದು ಜಾಣ ದಾರಿ ಹುಡುಕಿತ್ತು. ಅಲ್ಲಿನ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದ ಸಂದೀಪ್ ಬಾಳಿಗಾ ಮತ್ತು ಜೆಫ್ ಈಲಿ ಕಟ್ಟಿದ 'ಪರ್ಪಲ್ ಪ್ರೈಸಿಂಗ್' ಅದು. ಬಿಡಿ ಟಿಕೆಟ್ ಬೆಲೆ ಬೇಡಿಕೆ ನೋಡಿಕೊಂಡು ಇಳಿಯುತ್ತಾ ಹೋಗುತ್ತಿತ್ತು. ಕೊನೆಗೆ ಎಷ್ಟಕ್ಕೆ ನಿಂತಿತೋ, ಮೊದಲು ಜಾಸ್ತಿ ಕೊಟ್ಟವರಿಗೆಲ್ಲ ಅಷ್ಟೇ ಬೆಲೆ, ಹೆಚ್ಚಿನದು ವಾಪಸ್. ಮೊದಲು ಕೊಂಡವರು ದಡ್ಡರಾಗುತ್ತಿರಲಿಲ್ಲ. ನಮ್ಮ ಸಾಫ್ಟ್‌ವೇರಿನಲ್ಲಿ ಅಷ್ಟೆಲ್ಲ ಮಾಡಲಾಗಲಿಲ್ಲ. ಆದರೆ ಆ ಯೋಚನೆಯನ್ನು ಇಟ್ಟುಕೊಂಡೆವು. ವರ್ಷದ ಎಲ್ಲ ಆಫರ್‌ಗಳನ್ನೂ ಸೀಸನ್‌ಗೆ ಮುಂಚೆಯೇ ತೀರ್ಮಾನಿಸಿ, ಒಂದೊಂದನ್ನೂ ಸಾರ್ವಜನಿಕರಿಗಿಂತ ಎರಡು ದಿನ ಮುಂಚೆ ಸೀಸನ್ ಟಿಕೆಟ್‌ನವರಿಗೆ ತೆರೆಯುತ್ತೇವೆ, ಅದೂ ಕಡಿಮೆ ಬೆಲೆಗೆ. ತಂಗಿ ಮನೆಯವರನ್ನೋ ಪಕ್ಕದ ಮನೆಯವರನ್ನೋ ಕರೆದುಕೊಂಡು ಬರಲಿ ಅಂತ. ಹೊರಗಿನವರಿಗೆ ಸಿಕ್ಕಿದ ಅಗ್ಗದ ಟಿಕೆಟ್ ನೋಡಿ ಉರಿಯುತ್ತಿದ್ದವರೇ ಈಗ 'ನಾನು ಕೊಡಿಸಿದ ಟಿಕೆಟ್' ಅಂತ ಹೇಳಿಕೊಳ್ಳುತ್ತಾರೆ.

ಇಷ್ಟೆಲ್ಲ ಬೆಲೆಯ ಮಾತಾಯಿತು. ನಿಜ ಹೇಳಬೇಕೆಂದರೆ ಹಳಬರನ್ನು ಉಳಿಸಿಕೊಳ್ಳಲು ಬೆಲೆಗಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಗೇಟಿನ ಸ್ಕ್ಯಾನ್ ದಾಖಲೆ. ಮೊಬೈಲ್ ಟಿಕೆಟ್ ಬಂದ ಮೇಲೆ ಯಾರು ಬಂದರು, ಯಾರು ಬರಲಿಲ್ಲ, ಯಾರು ಬೇರೆಯವರಿಗೆ ಕಳಿಸಿದರು, ಎಲ್ಲ ಕಾಣುತ್ತದೆ. ದುಡ್ಡು ಕೊಟ್ಟೂ ಬರದವರು ಮುಂದಿನ ವರ್ಷ ಬಿಟ್ಟುಹೋಗುವವರು. ಸತತ ಎರಡು ಮ್ಯಾಚು ತಪ್ಪಿಸಿದವರ ಪಟ್ಟಿ ತೆಗೆದು ಫೋನ್ ಮಾಡಲು ಶುರು ಮಾಡಿದೆವು. ಏನನ್ನೂ ಮಾರುವ ಹಾಗಿಲ್ಲ, ಕೇಳುವುದಷ್ಟೇ ಅಂತ ನಮ್ಮ ಹುಡುಗರಿಗೆ ಕಟ್ಟುನಿಟ್ಟಾಗಿ ಹೇಳಿದ್ದೆ.

ಬೆಲೆ ಜಾಸ್ತಿ ಅಂದವರು ನಾವು ಅಂದುಕೊಂಡಷ್ಟು ಜನ ಇರಲಿಲ್ಲ. ಮಂಡಿ ನೋವು, ನಲವತ್ತನೇ ಸಾಲಿಗೆ ಹತ್ತಲಾಗುವುದಿಲ್ಲ ಅಂದವರಿದ್ದರು. ಶನಿವಾರ ಮೊಮ್ಮಗಳ ಸಾಕರ್ ಮ್ಯಾಚು ಇರುತ್ತದೆ ಅಂದವರಿದ್ದರು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಬರಲು ಮನಸ್ಸಿಲ್ಲ, ಸೀಟು ಬಿಡಲೂ ಮನಸ್ಸಿಲ್ಲ ಅಂದ ಅಜ್ಜಿ ಇದ್ದರು. ಎಲ್ಲಕ್ಕಿಂತ ಹೆಚ್ಚು ಕೇಳಿಬಂದದ್ದು ಮ್ಯಾಚಿನ ಹೊತ್ತು. ಟಿವಿ ಚಾನೆಲ್‌ಗಳು ಎಷ್ಟೋ ಮ್ಯಾಚುಗಳ ಹೊತ್ತನ್ನು 12 ದಿನ ಮುಂಚೆ, ಕೆಲವೊಮ್ಮೆ 6 ದಿನ ಮುಂಚೆ ಮಾತ್ರ ತಿಳಿಸುತ್ತವೆ. ಮೂರು ಗಂಟೆ ಕಾರು ಓಡಿಸಿಕೊಂಡು ಬರುವ ರೈತನಿಗೆ ಬೆಳಿಗ್ಗೆ 11ಕ್ಕೋ ರಾತ್ರಿ 7ಕ್ಕೋ ಅನ್ನುವುದು ಸಣ್ಣ ವಿಷಯ ಅಲ್ಲ. ಅದನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ, ಟಿವಿ ದುಡ್ಡು ಟಿಕೆಟ್ ದುಡ್ಡಿಗಿಂತ ದೊಡ್ಡದು. ಕೈಯಲ್ಲಿದ್ದದ್ದನ್ನು ಮಾಡಿದೆವು. ಮಂಡಿ ನೋವಿನವರನ್ನು ಪಾಯಿಂಟ್ ಕಳೆಯದೆ ಕೆಳಗಿನ ಸಾಲಿಗೆ ತಂದೆವು. ಬರಲಾಗದ ಟಿಕೆಟ್ಟನ್ನು ಮ್ಯಾಚಿನ ಹಿಂದಿನ ದಿನದೊಳಗೆ ವಾಪಸ್ ಕೊಟ್ಟರೆ ಇನ್ನೊಂದು ಮ್ಯಾಚಿಗೆ ಅದೇ ಬೆಲೆಯ ಟಿಕೆಟ್ ಕೊಡುವುದು ಅಂತ ಮಾಡಿದೆವು. ವಾಪಸ್ ಬಂದ ಆ ಸೀಟುಗಳು ವಿದ್ಯಾರ್ಥಿಗಳಿಗೆ ಹೋಗುತ್ತವೆ.

ಇದರಿಂದ ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಸೋಲುವ ತಂಡಕ್ಕೆ ಯಾವ ಟಿಕೆಟ್ ಆಫೀಸೂ ಮದ್ದು ಕೊಡಲಾರದು. ಮೇಲಿಂದ ಬರುವ ಒತ್ತಡವೂ ಕಡಿಮೆ ಆಗುತ್ತಿಲ್ಲ. 2017ರವರೆಗೆ ಸೀಟಿಗಾಗಿ ಕೊಟ್ಟ ದೇಣಿಗೆಯ ಶೇ. 80ಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುತ್ತಿತ್ತು, 2018ರಿಂದ ಅದು ಹೋಯಿತು. 2025ರಿಂದ ಆಟಗಾರರಿಗೆ ವಿಶ್ವವಿದ್ಯಾಲಯವೇ ನೇರವಾಗಿ ದುಡ್ಡು ಕೊಡಬಹುದು, ಮೊದಲ ವರ್ಷದ ಮಿತಿ 2.05 ಕೋಟಿ ಡಾಲರ್. ಟೆನೆಸ್ಸಿ ವಿಶ್ವವಿದ್ಯಾಲಯ ಅದಕ್ಕಾಗಿ ಟಿಕೆಟ್ ಮೇಲೆ ಶೇ. 10 'ಟ್ಯಾಲೆಂಟ್ ಫೀ' ಹಾಕಿದೆ. ಅಂದರೆ ಬೆಲೆ ಏರುವುದು ಮೊದಲು ಹಳಬರಿಗೆ. ಆ ಹೊತ್ತಿನಲ್ಲಿ ಹೊಸಬರಿಗೆ ಆಫರ್ ಬಿಡುವಾಗ ಮೊದಲಿಗಿಂತ ಜಾಸ್ತಿ ಯೋಚಿಸಬೇಕು.

ಈ ಸಲ ರಿನ್ಯೂವಲ್ ಪತ್ರದ ಜೊತೆಗೇ ಮುಂದಿನ ಸೀಸನ್‌ನ ಆಫರ್ ಪಟ್ಟಿಯನ್ನೂ ಇಟ್ಟು ಕಳಿಸಿದೆವು. ಯಾವ ಮ್ಯಾಚಿಗೆ, ಯಾವ ಮೂಲೆಯಲ್ಲಿ, ಎಷ್ಟಕ್ಕೆ ಮಾರುತ್ತೇವೆ ಅನ್ನುವುದೆಲ್ಲ ಅದರಲ್ಲಿದೆ. ಅದನ್ನು ನೋಡಿ ಸೀಸನ್ ಟಿಕೆಟ್ ಬಿಟ್ಟು ಆಫರ್‌ಗೇ ಕಾಯುತ್ತಾರೆ ಅಂತ ಮಾರ್ಕೆಟಿಂಗ್‌ನವರು ಹೆದರಿದರು. ಮೇಲಿನ ಡೆಕ್ಕಿನ ಕೆಲವರು ಹಾಗೇ ಮಾಡಿದರು. ಅವರಲ್ಲಿ ಬಹಳ ಜನರ ಹೆಸರು, ಮ್ಯಾಚು ತಪ್ಪಿಸಿದವರ ನಮ್ಮ ಪಟ್ಟಿಯಲ್ಲಿ ಆಗಲೇ ಇತ್ತು.