ಕಿರಿಯಾಕಿ ಆಪರೇಷನ್ ದಾಟಿದ್ದು ಹೀಗೆ

2005ರಲ್ಲಿ ನಿಂಟೆಂಡೊ ಡಿಎಸ್ ಎಂಬ ಕೈಯಲ್ಲಿ ಹಿಡಿದು ಆಡುವ ಸಾಧನಕ್ಕೆ ಬಂದ 'ಟ್ರಾಮಾ ಸೆಂಟರ್: ಅಂಡರ್ ದ ನೈಫ್' ಎಂಬ ಶಸ್ತ್ರಚಿಕಿತ್ಸೆಯ ವಿಡಿಯೊ ಗೇಮ್‌ನಲ್ಲಿ ಕಿರಿಯಾಕಿ ಎಂಬ ಪರಾವಲಂಬಿ ನನ್ನನ್ನು ತುಂಬಾ ಕಾಡಿತ್ತು. ಅದು ಅಂಗದೊಳಗೆ ಅಡಗಿಕೊಂಡೇ ಕೊಯ್ಯುತ್ತದೆ. ಒಂದು ಗಾಯ ಹೊಲಿಯುವಷ್ಟರಲ್ಲಿ ಇನ್ನೊಂದು. ರೋಗಿಯ ವೈಟಲ್ಸ್, ಅಂದರೆ ಜೀವಬಲ ತೋರಿಸುವ ಅಂಕಿ, ಸರಸರನೆ ಇಳಿಯುತ್ತದೆ.

ಕೈಯ ವೇಗ ಅಲ್ಲ, ಕೆಲಸದ ಕ್ರಮ ಬದಲಿಸಿದ್ದು ಫಲ ಕೊಟ್ಟಿತು. ಮೊದಲು ಅಲ್ಟ್ರಾಸೌಂಡ್ ಹಾಕಿ ನೆರಳು ಎಲ್ಲಿದೆ ಅಂತ ನೋಡಿ. ತಕ್ಷಣ ಅಲ್ಲೇ ಸ್ಕಾಲ್ಪೆಲ್‌ನಿಂದ ಸೀಳಿ. ಅದು ಹೊರಬಂದ ಕೂಡಲೇ ಲೇಸರ್ ಹಿಡಿದು ಸುಡಿ. ಸಣ್ಣ ಗಾಯಕ್ಕೆ ಆಂಟಿಬಯಾಟಿಕ್ ಜೆಲ್ ಸಾಕು, ದೊಡ್ಡದಕ್ಕೆ ಮಾತ್ರ ಹೊಲಿಗೆ. ನಡುವೆ ಹಸಿರು ಔಷಧಿಯ ಇಂಜೆಕ್ಷನ್ ಕೊಟ್ಟು ವೈಟಲ್ಸ್ ಏರಿಸಿಕೊಳ್ಳಿ. ಅದು ತೀರಾ ಕೆಳಗೆ ಹೋಗುವವರೆಗೂ ಕಾಯಬೇಡಿ.

ಪರದೆಯ ಮೇಲೆ ನಕ್ಷತ್ರ ಬರೆದು ಸಮಯ ನಿಧಾನಿಸುವ ಹೀಲಿಂಗ್ ಟಚ್ ಒಂದು ಆಪರೇಷನ್‌ಗೆ ಒಂದೇ ಸಲ. ಆರಂಭದಲ್ಲಿ ಸುಮ್ನೆ ಖರ್ಚು ಮಾಡಬೇಡಿ. ಗಾಯಗಳು ಒಟ್ಟಿಗೆ ಮುತ್ತಿಕೊಂಡಾಗ ಬಳಸಿ.

ಇಷ್ಟು ಕಷ್ಟಪಡುವುದು ಕಥೆಗಾಗಿ ಅಲ್ವಾ? ಡಾಕ್ಟರ್ ಡೆರೆಕ್, ನರ್ಸ್ ಆಂಜಿ ಮಾತನಾಡುವ ಅನಿಮೆ ಶೈಲಿಯ ದೃಶ್ಯಗಳು ನನಗಂತೂ ಜಾಸ್ತಿ ಇಷ್ಟ. ರೋಗಿ ಉಳಿದರೇನೇ ಅವರ ಮುಂದಿನ ಮಾತು ಕೇಳಲು ಸಿಗುವುದು.