ಟಿಪ್ ಬಿಡಿ, ತೂಕ ನೋಡಿ: ರೇಸ್ ಪುಸ್ತಕ ಓದುವುದು ಹೀಗೆ

ರೇಸ್ ದಿನ ಬೆಂಗಳೂರು ಟರ್ಫ್ ಕ್ಲಬ್ಬಿನ ಗೇಟಿನ ಹತ್ತಿರ ನಿಂತರೆ ಹತ್ತು ಜನ ಹತ್ತು ಕುದುರೆಗಳ ಹೆಸರು ಹೇಳುತ್ತಾರೆ. ಯಾಕೆ ಅದೇ ಕುದುರೆ ಅಂತ ಕೇಳಿದರೆ ಮಾತ್ರ ಉತ್ತರ ಕೊಡುವವರು ಕಡಿಮೆ. ಉತ್ತರ ಎಲ್ಲಿದೆ ಅಂದರೆ ಅವರ ಕೈಯಲ್ಲಿರೋ ರೇಸ್ ಪುಸ್ತಕದಲ್ಲೇ, ಅಂದರೆ ಆ ದಿನದ ರೇಸು-ಕುದುರೆಗಳ ವಿವರ ಇರುವ ಪುಸ್ತಕದಲ್ಲೇ ಇದೆ. ಒಂದು ಪೆನ್ಸಿಲ್, ಹಿಂದಿನ ದಿನ ಸಂಜೆ ಒಂದಿಷ್ಟು ಬಿಡುವು, ಅಷ್ಟಿದ್ದರೆ ಸಾಕು. 1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ರೇಸ್ ಕೌಶಲದ ಆಟ, ಬರೀ ಅದೃಷ್ಟದ್ದಲ್ಲ ಎಂದು ಹೇಳಿತಲ್ಲ, ಅದು ನಿಜವಾಗುವುದು ನಾವು ಈ ಪುಸ್ತಕವನ್ನು ಓದಿದಾಗ ಮಾತ್ರ.

ಮೊದಲು ನೋಡಬೇಕಾದ್ದು ರೇಸಿನ ಷರತ್ತು. ಪುಟದ ತಲೆಯಲ್ಲೇ ಇರುತ್ತದೆ, ಜನ ಓದುವುದೇ ಇಲ್ಲ. ಅದು ಹ್ಯಾಂಡಿಕ್ಯಾಪ್ ರೇಸಾ, ಟರ್ಮ್ಸ್ ರೇಸಾ? ಟರ್ಮ್ಸ್ ರೇಸಿನಲ್ಲಿ ವಯಸ್ಸು, ಗಂಡು-ಹೆಣ್ಣು, ಹಿಂದಿನ ಗೆಲುವು ಇವುಗಳ ಮೇಲೆ ತೂಕ ಮೊದಲೇ ನಿಗದಿಯಾಗಿರುತ್ತದೆ, ಹಾಗಾಗಿ ಒಳ್ಳೆ ಕುದುರೆಗೆ ಅನುಕೂಲ. ಡರ್ಬಿ ಅನ್ನುವ ದೊಡ್ಡ ರೇಸುಗಳೆಲ್ಲ ಈ ಜಾತಿಯವು. ಹ್ಯಾಂಡಿಕ್ಯಾಪ್ ರೇಸ್ ಹಾಗಲ್ಲ. ಅಲ್ಲಿ ಕ್ಲಬ್ಬಿನ ಹ್ಯಾಂಡಿಕ್ಯಾಪರ್ ಪ್ರತಿ ಕುದುರೆಗೂ ಒಂದು ರೇಟಿಂಗ್ ಕೊಟ್ಟಿರುತ್ತಾರೆ. ಒಂದು ಪಾಯಿಂಟಿಗೆ ಅರ್ಧ ಕಿಲೊ ಲೆಕ್ಕ. ಜೋರಾಗಿ ಓಡುವ ಕುದುರೆ ಜಾಸ್ತಿ ಭಾರ ಹೊರಬೇಕು, ನಿಧಾನದ್ದು ಕಡಿಮೆ ಹೊರಬೇಕು. ಎಲ್ಲವೂ ಒಟ್ಟಿಗೆ ಗೆಲುವಿನ ಗೆರೆ ಮುಟ್ಟಬೇಕು ಅನ್ನುವುದು ಆ ಮನುಷ್ಯನ ಆಸೆ. ಅವರ ಲೆಕ್ಕ ಎಲ್ಲಿ ತಪ್ಪಿದೆ ಅಂತ ಹುಡುಕುವುದು ನಮ್ಮ ಕೆಲಸ.

ಇದನ್ನು ಒಂದು ಉದಾಹರಣೆ ಹಾಕಿ ನೋಡೋಣ, ಯಾಕೆಂದರೆ ಇದೊಂದು ಕೈಗೆ ಹತ್ತಿದರೆ ಅರ್ಧ ವಿದ್ಯೆ ಬಂದ ಹಾಗೆ. ಹೋದ ತಿಂಗಳು 1400 ಮೀಟರ್ ರೇಸಿನಲ್ಲಿ ಒಂದು ಕುದುರೆ 58 ಕಿಲೊ ಹೊತ್ತು ಗೆದ್ದಿತು ಅಂದುಕೊಳ್ಳಿ. 54 ಕಿಲೊ ಹೊತ್ತ ಇನ್ನೊಂದು ಎರಡು ಲೆಂಗ್ತ್ (ಲೆಂಗ್ತ್ ಅಂದರೆ ಒಂದು ಕುದುರೆಯ ಉದ್ದ) ಹಿಂದೆ ಬಂತು. ಗೆದ್ದದ್ದಕ್ಕೆ ಹ್ಯಾಂಡಿಕ್ಯಾಪರ್ 8 ಪಾಯಿಂಟ್ ಏರಿಸಿದರು. ಈ ವಾರ ಎರಡೂ ಮತ್ತೆ ಎದುರಾಗಿವೆ. ಗೆದ್ದದ್ದು 60 ಕಿಲೊ, ಸೋತದ್ದು 52. ಆ 8 ಪಾಯಿಂಟಿನ 4 ಕಿಲೊ ಕಾಣುವುದು ಎರಡರ ನಡುವಿನ ವ್ಯತ್ಯಾಸದಲ್ಲಿ: ಆಗ 4 ಕಿಲೊ ಇತ್ತು, ಈಗ 8. ಅಂದರೆ ಸೋತ ಕುದುರೆಗೆ 4 ಕಿಲೊ ಲಾಭ. ಈ ದೂರಕ್ಕೆ ಒಂದು ಕಿಲೊ ಅಂದರೆ ಸುಮಾರು ಒಂದು ಲೆಂಗ್ತ್, ಹತ್ತಿರ ಹತ್ತಿರ 2.4 ಮೀಟರ್, ಅನ್ನುವುದು ಒರಟು ಲೆಕ್ಕ. ಎರಡು ಲೆಂಗ್ತ್ ಸೋಲು ಕಳೆದರೂ ಕಾಗದದ ಮೇಲೆ ಸೋತ ಕುದುರೆಯೇ ಎರಡು ಲೆಂಗ್ತ್ ಮುಂದಿರಬೇಕು! ಆದರೂ ಫೇವರಿಟ್, ಅಂದರೆ ಜನ ಹೆಚ್ಚು ದುಡ್ಡು ಹಾಕುವ ಕುದುರೆ, ಆಗುವುದು ಹೋದ ಸಲ ಗೆದ್ದದ್ದೇ, ಯಾಕೆಂದರೆ ಜನಕ್ಕೆ ನೆನಪಿರುವುದು ಗೆಲುವು, ತೂಕ ಅಲ್ಲ.

ಆದರೆ ಈ ಲೆಕ್ಕವನ್ನು ಕಣ್ಣು ಮುಚ್ಚಿ ನಂಬಬೇಡಿ. ಗೆದ್ದ ಕುದುರೆ ಎಷ್ಟು ಸಲೀಸಾಗಿ ಗೆದ್ದಿತು ಅನ್ನುವುದು ಮುಖ್ಯ. ಜಾಕಿ ಕೊನೆಯ ನೂರು ಮೀಟರ್ ಸುಮ್ನೆ ಕೂತಿದ್ದರೆ ಆ ಎರಡು ಲೆಂಗ್ತ್ ನಿಜವಾಗಿ ಐದು ಆಗಬಹುದಿತ್ತು. ಹಳೇ ರೇಸಿನ ವಿಡಿಯೊ ಕ್ಲಬ್ಬಿನ ವೆಬ್‌ಸೈಟಿನಲ್ಲಿ ಸಿಗುತ್ತದೆ, ದಯವಿಟ್ಟು ನೋಡಿ. ಎರಡು ಸಲ ನೋಡಿ. ಮೊದಲ ಸಲ ಗೆದ್ದದ್ದನ್ನು, ಎರಡನೇ ಸಲ ನಾಲ್ಕು-ಐದನೇದಾಗಿ ಬಂದದ್ದನ್ನು. ದಾರಿ ಸಿಗದೆ ಒಳಗೆ ಸಿಕ್ಕಿಹಾಕಿಕೊಂಡು, ತಡವಾಗಿ ಬಿಡುವು ಸಿಕ್ಕಿ ಓಡಿಬಂದ ಕುದುರೆ ಫಲಿತಾಂಶದ ಪಟ್ಟಿಯಲ್ಲಿ ಬರೀ ಒಂದು ಅಂಕಿ, ವಿಡಿಯೊದಲ್ಲಿ ಮಾತ್ರ ಅದರ ಕಥೆ ಇದೆ.

ಎರಡನೇ ಕೆಲಸ ಟ್ರ್ಯಾಕ್ ವರ್ಕ್ ಓದುವುದು. ನನಗೆ ಎಲ್ಲಕ್ಕಿಂತ ಇಷ್ಟದ ಭಾಗ ಇದು. ಬೆಳಗಿನ ಜಾವ ಕುದುರೆಗಳು ಮರಳಿನ ಟ್ರ್ಯಾಕಿನಲ್ಲಿ ತಾಲೀಮು ಮಾಡುತ್ತವೆ, ಸಮಯ ಹಿಡಿಯುವವರು ಸ್ಟಾಪ್ ವಾಚ್ ಹಿಡಿದು ನಿಂತಿರುತ್ತಾರೆ, ಪೇಪರಿನಲ್ಲಿ ಪುಟ್ಟ ಅಕ್ಷರದಲ್ಲಿ ಹೀಗೆ ಬರುತ್ತದೆ: ಔಟರ್ ಸ್ಯಾಂಡ್, 1000 ಮೀ., 1-12, 600/42, ಈಸಿ. ಸಾವಿರ ಮೀಟರನ್ನು 1 ನಿಮಿಷ 12 ಸೆಕೆಂಡಿನಲ್ಲಿ ಓಡಿತು, ಕೊನೆಯ 600ನ್ನು 42 ಸೆಕೆಂಡಿನಲ್ಲಿ ಅಂತ ಅರ್ಥ. ಈಗ ಒಡೆದು ನೋಡಿ. ಮೊದಲ 400ಕ್ಕೆ 30 ಸೆಕೆಂಡ್ ಹಿಡಿಯಿತು, ಅಂದರೆ 200ಕ್ಕೆ 15. ಕೊನೆಯ 600ರಲ್ಲಿ 200ಕ್ಕೆ 14. ಓಡುತ್ತಾ ಓಡುತ್ತಾ ವೇಗ ಹೆಚ್ಚಿಸಿಕೊಂಡಿದೆ, ಅದೂ ಒತ್ತಾಯ ಇಲ್ಲದೆ. ಬರೀ ಒಟ್ಟು ಸಮಯ ನೋಡುವವರಿಗೆ ಇದು ಕಾಣುವುದಿಲ್ಲ. ಪಕ್ಕದಲ್ಲಿ ಜಾಕಿಯ ಹೆಸರಿದೆಯಾ, ಇಲ್ಲಾ ರೈಡಿಂಗ್ ಬಾಯ್ (ತಾಲೀಮಿಗೆ ಮಾತ್ರ ಕೂರುವ ಹುಡುಗ) ಅಂತ ಇದೆಯಾ ಅದನ್ನೂ ಗಮನಿಸಿ. ರೇಸಿನಲ್ಲಿ ಕೂರುವ ಜಾಕಿಯೇ ಬೆಳಗ್ಗೆ ಬಂದು ಓಡಿಸಿದ್ದರೆ ಟ್ರೇನರ್‌ಗೆ ಆ ಕುದುರೆ ಮೇಲೆ ಏನೋ ಯೋಚನೆ ಇದೆ ಅಂತ ನಾನು ಓದಿಕೊಳ್ಳುತ್ತೇನೆ.

ಆಮೇಲೆ ನೆಲ. ಬೆಂಗಳೂರಿನ ಬೇಸಿಗೆ ಸೀಸನ್ ಅಂತ ಹೆಸರೇ ಹೊರತು ಜೂನ್-ಜುಲೈನಲ್ಲಿ ಮಳೆ ಸುರಿಯುತ್ತಿರುತ್ತದೆ. ಪೆನೆಟ್ರೋಮೀಟರ್ ಅನ್ನುವ ಸಾಧನದ ಸರಳು ನೆಲಕ್ಕೆ ಎಷ್ಟು ಇಳಿಯುತ್ತದೆ ಅಂತ ಅಳೆದು ಅಂಕಿ ಹೇಳುತ್ತಾರೆ. ಅಂಕಿ ಜಾಸ್ತಿ ಇದ್ದಷ್ಟೂ ನೆಲ ಮೆತ್ತಗೆ. ಗಟ್ಟಿ ನೆಲದಲ್ಲಿ ಹಾರುವ ಕುದುರೆ ಕೆಸರಿನಲ್ಲಿ ಕಾಲೆತ್ತದೆ ನಿಲ್ಲಬಹುದು. ಹಾಗಾಗಿ ಹಳೇ ಫಲಿತಾಂಶ ನೋಡುವಾಗ ಅವತ್ತಿನ ನೆಲ ಹೇಗಿತ್ತು ಅಂತ ಪಕ್ಕದಲ್ಲೇ ಗುರುತು ಹಾಕಿಕೊಳ್ಳಿ. ಡ್ರಾ (ಯಾವ ಗೇಟಿನಿಂದ ಹೊರಡುತ್ತದೆ), ಬ್ಲಿಂಕರ್ಸ್ (ಪಕ್ಕದ ನೋಟ ತಡೆಯುವ ಕಣ್ಣುಪಟ್ಟಿ), ಲಾಳ ಉಕ್ಕಿನದ್ದಾ ಅಲ್ಯೂಮಿನಿಯಂದಾ, ಕೂರುತ್ತಿರುವುದು ತೂಕದ ರಿಯಾಯಿತಿ ಇರುವ, ಇನ್ನೂ ಕಲಿಯುತ್ತಿರುವ ಅಪ್ರೆಂಟಿಸ್ ಹುಡುಗನಾ, ಇವನ್ನೆಲ್ಲ ಕೊನೆಗೆ ನೋಡಿದರೆ ಸಾಕು.

ಹಳಬರು ಸೇರಿದರೆ ಹಳೇ ಕುದುರೆಗಳ ಮಾತೇ ಮಾತು. ಹೊಸಬರಿಗೆ ಬೇಸರ ಆಗಬಹುದು, ಆದರೆ ಕಿವಿ ಕೊಡಿ, ಅದೂ ಪಾಠವೇ. ಸ್ಕ್ವಾಂಡರರ್ ಹೆಸರು ಬಂದೇ ಬರುತ್ತದೆ. ನಮ್ಮ ಬೆಂಗಳೂರಿನ ರಶೀದ್ ಬೈರಾಮ್‌ಜಿ ತಯಾರು ಮಾಡಿದ ಕುದುರೆ. 1977ರ ಇಂಡಿಯನ್ ಡರ್ಬಿ ಗೆದ್ದಿತು, ಓಡಿದ 19 ರೇಸುಗಳಲ್ಲಿ 18 ಗೆದ್ದಿತು. ಬೈರಾಮ್‌ಜಿ ಒಟ್ಟು 12 ಇಂಡಿಯನ್ ಡರ್ಬಿ ಗೆದ್ದ ಟ್ರೇನರ್! ಅವರ ಹೆಸರಿನ ಕುದುರೆ ದೊಡ್ಡ ರೇಸಿಗೆ ಬಂದರೆ ಬೆಟ್ ಕಟ್ಟುವ ಪಂಟರುಗಳು ಯಾಕೆ ಎದ್ದು ಕೂರುತ್ತಿದ್ದರು ಅಂತ ಈ ಒಂದು ಅಂಕಿಯೇ ಹೇಳುತ್ತದೆ. ಟ್ರೇನರ್ ದಾಖಲೆ ನೋಡುವ ಅಭ್ಯಾಸ ಅಲ್ಲಿಂದ ಬಂದದ್ದು. ಯಾವ ಟ್ರೇನರ್ ಬಿಡುವಿನ ನಂತರ ಮೊದಲ ರೇಸಿಗೇ ಕುದುರೆಯನ್ನು ಗೆಲ್ಲಲು ತಯಾರು ಮಾಡುತ್ತಾರೆ, ಯಾರು ಎರಡು ರೇಸ್ ಓಡಿಸಿ ಮೂರನೇದಕ್ಕೆ ಗುರಿ ಇಡುತ್ತಾರೆ, ಇದನ್ನು ನೀವೇ ಬರೆದಿಟ್ಟುಕೊಳ್ಳಬೇಕು.

ಜಾಕಿಗಳಲ್ಲಿ ಪೇಸಿ ಶ್ರಾಫ್. ಎಂಟು ಇಂಡಿಯನ್ ಡರ್ಬಿ ಜೀನಿನ ಮೇಲೆ ಕೂತು ಗೆದ್ದು, 2004ರಲ್ಲಿ ನಿವೃತ್ತರಾಗಿ ಟ್ರೇನರ್ ಆದರು. ಅವರ ಹಳೇ ರೇಸಿನ ವಿಡಿಯೊ ಸಿಕ್ಕರೆ ಕೈಗಳನ್ನು ನೋಡಿ, ಚಾವಟಿಯನ್ನಲ್ಲ.

ಹೆಣ್ಣು ಕುದುರೆ ಗಂಡಿನ ಜೊತೆ ದೊಡ್ಡ ರೇಸಿಗೆ ಬಂದರೆ ತಳ್ಳಿಹಾಕುವವರು ಈಗಲೂ ಇದ್ದಾರೆ. 1943ರಲ್ಲಿ ಮುಂಬೈನ ಮಹಾಲಕ್ಷ್ಮಿಯಲ್ಲಿ ಮೊಟ್ಟಮೊದಲ ಇಂಡಿಯನ್ ಡರ್ಬಿ ಗೆದ್ದದ್ದು ಪ್ರಿನ್ಸೆಸ್ ಬ್ಯೂಟಿಫುಲ್ ಅನ್ನುವ ಫಿಲ್ಲಿ, ಅಂದರೆ ಎಳೆ ಹೆಣ್ಣು ಕುದುರೆ. 2010ರಲ್ಲಿ ಗೆದ್ದ ಜ್ಯಾಕ್ವೆಲಿನ್ ಕೂಡ ಫಿಲ್ಲಿ. ಅಲ್ಲಿ ಫಿಲ್ಲಿಗೆ ಗಂಡಿಗಿಂತ 1.5 ಕಿಲೊ ತೂಕ ಕಡಿಮೆ. 2400 ಮೀಟರ್ ಓಟದಲ್ಲಿ ಅದು ಸಣ್ಣ ಸಹಾಯ ಅಲ್ಲ.

ಮೈಸೂರಿಗೂ ಒಮ್ಮೆ ಹೋಗಿ ಬನ್ನಿ. 1891ರ ಕ್ಲಬ್ಬು, ಬೆನ್ನಿಗೆ ಚಾಮುಂಡಿ ಬೆಟ್ಟ, ದಸರೆ ಆಸುಪಾಸಿನಲ್ಲಿ ಮೈಸೂರು ಡರ್ಬಿ. ಬೆಂಗಳೂರಿನ ಕುದುರೆಗಳೇ ತುಂಬ ಬರುತ್ತವೆ, ಆದರೆ ಬೆಂಗಳೂರಿನಲ್ಲಿ ಗೆಲ್ಲದ ಕುದುರೆ ಅಲ್ಲಿ ಹಾಯಾಗಿ ಓಡುವುದುಂಟು. ಪ್ರತಿ ಕುದುರೆಯ ಹೆಸರಿನ ಮುಂದೆ ಯಾವ ಟ್ರ್ಯಾಕಿನಲ್ಲಿ ಎಷ್ಟು ದೂರಕ್ಕೆ ಗೆದ್ದಿದೆ ಅಂತ ಬರೆದುಕೊಳ್ಳುವುದು ಇದಕ್ಕೇ.

ಇನ್ನು ದುಡ್ಡಿನ ಮಾತು. ಬೆಟ್ ಮೇಲಿನ ಜಿಎಸ್‌ಟಿ 28% ಇದ್ದದ್ದು 2025ರ ಸೆಪ್ಟೆಂಬರಿನಿಂದ 40% ಆಗಿದೆ. ಇಷ್ಟು ತೆರಿಗೆ ಕಟ್ಟಿ ಲಾಭ ಮಾಡುವುದು ತುಂಬಾ ಕಷ್ಟ, ನೇರವಾಗಿ ಹೇಳಿಬಿಡುತ್ತೇನೆ. ಮೊದಲ ಸೀಸನ್ ಪೂರ್ತಿ ದುಡ್ಡು ಹಾಕದೆ ಕಾಗದದ ಮೇಲೇ ಆಡಿ. ದಿನಕ್ಕೆ ಎರಡೇ ರೇಸ್ ಆರಿಸಿಕೊಳ್ಳಿ, ಮೇಡನ್ ರೇಸುಗಳು (ಇನ್ನೂ ಒಂದೂ ಗೆಲ್ಲದ ಕುದುರೆಗಳ ರೇಸು) ಬೇಡ, ಅಲ್ಲಿ ಓದಲು ಹಳೇ ಓಟವೇ ಹೆಚ್ಚು ಇರುವುದಿಲ್ಲ. ಎಲ್ಲ ಕುದುರೆಗೂ ತೂಕದ ಲೆಕ್ಕ ಹಾಕಿ, ನಿಮ್ಮ ಮೊದಲ ಮೂರು ಯಾವುವು, ಯಾಕೆ ಅಂತ ಒಂದೊಂದು ಸಾಲು ಬರೆಯಿರಿ. ರೇಸಿಗೆ ಮುಂಚೆ ಕುದುರೆಗಳನ್ನು ತೋರಿಸುವ ಪ್ಯಾಡಕ್ಕಿನಲ್ಲಿ ಸೈಸ್ (ಕುದುರೆ ನೋಡಿಕೊಳ್ಳುವವನು) ಕುದುರೆಯನ್ನು ಸುತ್ತಿಸುವಾಗ ಹತ್ತಿರ ನಿಂತು ನೋಡಿ. ಮೈ ಹೊಳೆಯುತ್ತಿದೆಯಾ, ಕಿವಿ ಮುಂದಕ್ಕಿದೆಯಾ, ತೊಡೆಸಂದಿಯಲ್ಲಿ ಬೆವರಿನ ನೊರೆ ಕಟ್ಟಿದೆಯಾ. ರೇಸಿಗೆ ಮೊದಲೇ ನೊರೆ ಕಟ್ಟಿದ ಕುದುರೆ ಅರ್ಧ ಓಟ ಅಲ್ಲೇ ಮುಗಿಸಿರುತ್ತದೆ. ರೇಸ್ ಮುಗಿದ ಮೇಲೆ ಫಲಿತಾಂಶ, ಸಮಯ, ಲೆಂಗ್ತ್, ಅವತ್ತಿನ ಪೆನೆಟ್ರೋಮೀಟರ್ ಅಂಕಿ ಬರೆದು, ನೀವು ಬರೆದ ಕಾರಣದ ಪಕ್ಕ ಸರಿ ಅಥವಾ ತಪ್ಪು ಗುರುತು ಹಾಕಿ. ಕುದುರೆ ಗೆದ್ದರೂ ನಿಮ್ಮ ಕಾರಣ ತಪ್ಪಾಗಿದ್ದರೆ ತಪ್ಪು ಅಂತಲೇ ಹಾಕಬೇಕು, ಅಲ್ವಾ?