ಅಲ್ಸಾಸಿನ ಮರದ ಚೌಕಟ್ಟಿನ ಮನೆಗೆ ಮತ್ತೆ ಮಣ್ಣು ಮೆತ್ತಿದ ನನ್ನ ಅನುಭವ

ಪೂರ್ವ ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದಲ್ಲಿ, ಸ್ಟ್ರಾಸ್‌ಬರ್ಗ್ ನಗರದ ವಾಯವ್ಯಕ್ಕಿರುವ ಕೋಖರ್ಸ್‌ಬರ್ಗ್ ಸೀಮೆಯಲ್ಲಿ ನಾವು ಕೊಂಡ ಹಳೆಯ ಮನೆಯ ಸಿಮೆಂಟ್ ಕಿತ್ತು ಮೊದಲಿನಂತೆ ಮಣ್ಣನ್ನೇ ಮೆತ್ತುತ್ತೇನೆಂದಾಗ ಊರಿನ ಗಾರೆಯವರು ನಕ್ಕಿದ್ದರು. ನಾಲ್ಕು ಚಳಿಗಾಲ ಕಳೆದರೂ, ಮಳೆ ಹೊಡೆಯುವ ಪಡುಗೋಡೆಯೂ ಸೇರಿದಂತೆ ಎಲ್ಲಿಯೂ ಮಣ್ಣು ಉದುರಿಲ್ಲವಾದ್ದರಿಂದ ಈಗ ಬರೆಯುತ್ತಿದ್ದೇನೆ.

ಮೂವತ್ತು ವರ್ಷಗಳ ಯುದ್ಧ (1618–1648) ಅಲ್ಸಾಸನ್ನು ಹಾಳುಗೆಡವಿದ ಮೇಲೆ ಕಟ್ಟಿದ ಮನೆಯಿದು. ತೊಲೆಗಳ ವಾರ್ಷಿಕ ಉಂಗುರ ಎಣಿಸಿದವರ ಪ್ರಕಾರ ಓಕ್ ಕಡಿದದ್ದು 1690ರ ಆಸುಪಾಸಿನಲ್ಲಿ. ಬಡಗಿಗಳು ಚೌಕಟ್ಟನ್ನು ಮೊದಲು ನೆಲದ ಮೇಲೆ ಹೊಂದಿಸಿ, ಕೂಡುವ ಜಾಗಗಳಲ್ಲಿ ರೋಮನ್ ಅಂಕಿ ಕೆತ್ತಿ, ಬಳಿಕ ಎತ್ತಿ ನಿಲ್ಲಿಸುತ್ತಿದ್ದರಷ್ಟೆ. ನಮ್ಮ ಹಿಂದಿನ ಅಂಕಣದಲ್ಲಿ ಮಾತ್ರ ಆ ಅಂಕಿಗಳು ಕ್ರಮ ತಪ್ಪಿವೆ, ಎರಡು ಕಂಬಗಳಲ್ಲಿ ಯಾವ ತೊಲೆಯೂ ಕೂಡದ ಖಾಲಿ ತೂತುಗಳಿವೆ. ಅಂದರೆ ಆ ಅಂಕಣದ ಮರ ಬೇರೊಂದು ಮನೆಯನ್ನು ಬಿಚ್ಚಿ ತಂದದ್ದು. ಬಿಚ್ಚಿ ಸಾಗಿಸಬಹುದಾದ ಇಂಥ ಮನೆಗಳನ್ನು ಹಿಂದೆ ಚರಾಸ್ತಿಯೆಂದೇ ಎಣಿಸುತ್ತಿದ್ದರು. ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಎತ್ತಿ ನಿಲ್ಲಿಸಿರುವ, 1984ರಲ್ಲಿ ಅಲ್ಸಾಸಿನದೇ ಉಂಗರ್ಸ್‌ಹೈಮಿನಲ್ಲಿ ಬಾಗಿಲು ತೆರೆದ ಬಯಲು ವಸ್ತುಸಂಗ್ರಹಾಲಯ ನಿಂತಿರುವುದೂ ಈ ಗುಣದ ಮೇಲೆಯೇ.

ಹಿಂದಿನ ಮಾಲೀಕರು ಬಳಿಸಿದ್ದ ಸಿಮೆಂಟಿನ ಬಿರುಕಿನಿಂದ ಒಳನುಗ್ಗಿದ ನೀರು ಹೊರಬರಲು ದಾರಿಯಿಲ್ಲದೆ, ಮರಳುಗಲ್ಲಿನ ಪಾಯದ ಮೇಲೆ ಮಲಗಿದ್ದ ತಳತೊಲೆ ಮೂರು ಮೀಟರಿನಷ್ಟು ಕೊಳೆತು ಪುಡಿಯಾಗಿತ್ತು. ಅದನ್ನು ಬದಲಿಸಿದ ಬಡಗಿಗೆ ಸುಮಾರು 7,000 ಯೂರೊ ತೆತ್ತೆ. ತೊಲೆಗಳ ನಡುವಿನ ಚೌಕಗಳಿಗೆ ಇಟ್ಟಿಗೆ ತುಂಬಲು ಗುತ್ತಿಗೆದಾರರೊಬ್ಬರು 28,000 ಕೇಳಿದ್ದರು. ನನ್ನ ಮಣ್ಣಿನ ಕೆಲಸ, ತಪ್ಪುಗಳ ಖರ್ಚೂ ಸೇರಿ, 4,000 ದಾಟಲಿಲ್ಲ.

ತಪ್ಪುಗಳೇನೂ ಕಡಿಮೆಯಿರಲಿಲ್ಲ. ಮೊದಲ ಬೇಸಿಗೆಯಲ್ಲಿ ಹಿತ್ತಲನ್ನು ಆಳಕ್ಕೆ ಅಗೆದು ತೆಗೆದ ಹಳದಿ ಲೋಯೆಸ್ (ಗಾಳಿ ಹೊತ್ತು ತಂದು ಪೇರಿಸಿದ ನುಣ್ಣನೆಯ ಧೂಳು) ಮಣ್ಣಿನಲ್ಲಿ ಅಂಟೇ ಇರಲಿಲ್ಲವಾಗಿ, ಒಣಗಿದ ಆರು ಚೌಕಗಳು ಬೆರಳು ಸೋಕಿದರೆ ಹಿಟ್ಟಿನಂತೆ ಉದುರಿದವು. ಅದರ ಮೇಲ್ಪದರದ ಕಂದು ಲೇಮ್, ಅಂದರೆ ಜೇಡಿ ಬೆರೆತ ಮಣ್ಣು, ಅಂಟಿತು. ಆದರೆ ಒಣಗುವಾಗ ಕುಗ್ಗಿ ತೊಲೆಯ ಅಂಚಿನಿಂದ ಬೆರಳಗಲ ಬಿಟ್ಟುಕೊಂಡಿತು, ಆ ಚಳಿಗಾಲವೆಲ್ಲ ಗಾಳಿ ಒಳಗೇ ಸುಳಿದಾಡಿತು. ಕೊನೆಗೆ ಕೈಹಿಡಿದದ್ದು ನಾನೇ ಕಿತ್ತು ರಾಶಿ ಹಾಕಿದ್ದ, ಮುನ್ನೂರು ವರ್ಷದ ಹಳೆಯ ಮಣ್ಣು! ಅದನ್ನು ನೆನೆಹಾಕಿ, ಲೇಮ್ ಹಾಗೂ ಗೋಧಿಹುಲ್ಲು ಸೇರಿಸಿ, ತುಳಿದು, ಮೂರು ವಾರ ಮುಚ್ಚಿಟ್ಟು ಹುಳಿಬರಿಸಿ, ಓಕ್ ದಬ್ಬೆಗಳ ಹೆಣಿಗೆಗೆ ಎರಡೂ ಕಡೆಯಿಂದ ಮೆತ್ತಿದೆ. ಯಾವುದು ಎಷ್ಟು ಪಾಲು ಎಂಬುದನ್ನೂ, ಅಂಚಿಗೆ ಏನು ತುರುಕಿದೆನೆಂಬುದನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಮ್ಮಜ್ಜಿ ಮಣ್ಣಿನ ಗೋಡೆಗೆ ಸಗಣಿ ಸಾರಿಸುತ್ತಿದ್ದುದು ನೆನಪಾಗಿ, ಪಕ್ಕದ ರೈತರಿಂದ ಎರಡು ಬಕೆಟ್ ಸಗಣಿ ಬೇಡಿ ತಂದೆ. ಟೈಲ್ಸ್ ಒಲೆಯಿರುವ ನಡುಮನೆಯ ಒಳಗೋಡೆಗೆ ಅದು ಸೊಗಸಾಗಿ ಕೂತಿತು; ಹೊರಗೆ ಒಂದೇ ನವೆಂಬರಿನ ಮಳೆಗೆ ತೊಳೆದುಹೋಯಿತು. ಹೊರಮೈಗೆ ಸುಣ್ಣದ ಗಾರೆಯೇ ಸರಿ. ಅದೂ ತೊಲೆಯ ಮಟ್ಟಕ್ಕಿಂತ ಹೊರಗೆ ಉಬ್ಬಬಾರದು, ಉಬ್ಬಿದರೆ ಅದರ ಮೇಲಂಚಿನಲ್ಲಿ ನೀರು ನಿಂತು ಮರಕ್ಕಿಳಿಯುತ್ತದೆ. ನಾನು ಉಬ್ಬಿಸಿದ್ದ ಎರಡು ಚೌಕಗಳನ್ನು ಈ ವಸಂತದಲ್ಲಿ ಕೆರೆದು ಮತ್ತೆ ಬಳಿದಿದ್ದೇನೆ.